ಸರ್ಕಾರಿ ಖರೀದಿಯಲ್ಲಿ ಸಣ್ಣವರಿಗೆ, ಸ್ಥಳೀಯರಿಗೆ ಆದ್ಯತೆ: ಎಷ್ಟು ಕೊಡಬೇಕು, ಹೇಗೆ ಕೊಡಬೇಕು?

ಖರೀದಿ_ವಿಭಾಗ

ಎಲ್ಲರಿಗೂ ನಮಸ್ಕಾರ. ನಾನು ಒಂದು ಸಾರ್ವಜನಿಕ ಸಂಸ್ಥೆಯ ಖರೀದಿ ವಿಭಾಗದಲ್ಲಿ ಕೆಲಸ ಮಾಡುತ್ತೇನೆ. ಟೆಂಡರ್‌ನಲ್ಲಿ ಸಣ್ಣ ಉದ್ದಿಮೆಗಳಿಗೆ ಮತ್ತು ಸ್ಥಳೀಯ ಪೂರೈಕೆದಾರರಿಗೆ ಆದ್ಯತೆ ಕೊಡುವ ನಿಯಮದ ಕರಡು ಬರೆಯುವ ಕೆಲಸ ನಮ್ಮ ಸಮಿತಿಗೆ ಬಂದಿದೆ. ಬೇರೆ ಬೇರೆ ದೇಶಗಳ ನಿಯಮಗಳನ್ನು ಓದುತ್ತಿದ್ದೇವೆ.

ನಮ್ಮ ಮುಂದೆ ಮೂರು ದಾರಿಗಳಿವೆ. ಒಂದು, ಸಣ್ಣವರ ದರ ಸ್ವಲ್ಪ ಜಾಸ್ತಿ ಇದ್ದರೂ ಒಪ್ಪುವುದು. ಎರಡು, ಕೆಲವು ಖರೀದಿಗಳನ್ನು ಅವರಿಗೇ ಮೀಸಲಿಡುವುದು. ಮೂರು, ದರಕ್ಕೆ ಇಷ್ಟು, ಸಣ್ಣ ಉದ್ದಿಮೆ ಎನ್ನುವುದಕ್ಕೆ ಇಷ್ಟು ಅಂತ ಅಂಕ ಕೊಡುವುದು. ಸಮಿತಿಯಲ್ಲಿ ಎಲ್ಲರೂ ಶೇಕಡಾವಾರು ಎಷ್ಟು ಎಂಬುದರ ಮೇಲೇ ಜಗ್ಗಾಡುತ್ತಿದ್ದಾರೆ. ಟೆಂಡರ್ ಹಾಕಿದವರು, ಟೆಂಡರ್ ಕರೆದವರು ಇಬ್ಬರೂ ಇಲ್ಲಿದ್ದೀರಿ. ನಿಮ್ಮ ಅನುಭವ ಹೇಳಿ, ನಿಜವಾಗಿಯೂ ಉಪಯೋಗ ಆಗುತ್ತದೆ.

ತೆರಿಗೆ_ಕಟ್ಟುವವ

ನನ್ನ ಆಕ್ಷೇಪ ಮೊದಲೇ ಹೇಳಿಬಿಡುತ್ತೇನೆ. ನೂರಕ್ಕೆ ಸಿಗುವ ವಸ್ತುವನ್ನು ನೂರಾ ಹದಿನೈದಕ್ಕೆ ಯಾಕೆ ಕೊಳ್ಳಬೇಕು? ಆ ಹದಿನೈದು ಜನರ ದುಡ್ಡು. ಅದೇ ದುಡ್ಡಿನಲ್ಲಿ ಆಸ್ಪತ್ರೆಗೆ ಇನ್ನೊಂದಿಷ್ಟು ಹಾಸಿಗೆ ಬರುತ್ತದೆ. ಸಣ್ಣ ಉದ್ದಿಮೆಗೆ ಸಹಾಯ ಮಾಡಬೇಕು ಅಂತಿದ್ದರೆ ನೇರವಾಗಿ ಸಹಾಯಧನ ಕೊಡಿ. ಎಷ್ಟು ಕೊಟ್ಟಿರಿ ಅಂತ ಬಜೆಟ್‌ನಲ್ಲಿ ಕಾಣುತ್ತದೆ. ಟೆಂಡರ್ ಒಳಗೆ ಸೇರಿಸಿದರೆ ಯಾರಿಗೂ ಕಾಣುವುದಿಲ್ಲ.

ಬಿಡ್_ಲೆಕ್ಕ

ತೆರಿಗೆ_ಕಟ್ಟುವವರೇ, ನಿಮ್ಮ ಪ್ರಶ್ನೆ ಸರಿಯಾಗಿದೆ. ಆದರೆ ಎಲ್ಲ ಕಡೆ 115 ಕೊಡುವುದಿಲ್ಲ. ಭಾರತದ ನಿಯಮವನ್ನೇ ನೋಡಿ. ಸೂಕ್ಷ್ಮ ಮತ್ತು ಸಣ್ಣ ಉದ್ದಿಮೆಗಳ ಸಾರ್ವಜನಿಕ ಖರೀದಿ ನೀತಿ ಆದೇಶ ಬಂದಿದ್ದು 2012ರಲ್ಲಿ. ಕೇಂದ್ರದ ಸಚಿವಾಲಯಗಳು ಮತ್ತು ಸಾರ್ವಜನಿಕ ಉದ್ದಿಮೆಗಳಿಗೆ ಅದು ಅನ್ವಯಿಸುತ್ತದೆ. ವರ್ಷದ ಖರೀದಿಯಲ್ಲಿ ಮೊದಲು ಶೇ 20 ಇವರಿಂದ ಕೊಳ್ಳಬೇಕಿತ್ತು. 2018ರಲ್ಲಿ ಅದನ್ನು ಶೇ 25ಕ್ಕೆ ಏರಿಸಿದರು. ಅದರೊಳಗೆ ಪರಿಶಿಷ್ಟ ಜಾತಿ, ಪಂಗಡದವರ ಉದ್ದಿಮೆಗಳಿಗೆ ಶೇ 4, ಮಹಿಳೆಯರ ಉದ್ದಿಮೆಗಳಿಗೆ ಶೇ 3. ಇದಲ್ಲದೆ 358 ವಸ್ತುಗಳನ್ನು ಪೂರ್ತಿ ಮೀಸಲಿಟ್ಟಿದ್ದಾರೆ.

ಈಗ ದರದ ವಿಷಯ. ಎಲ್-1, ಅಂದರೆ ಎಲ್ಲರಿಗಿಂತ ಕಡಿಮೆ ದರ ಹಾಕಿದವನು, ದೊಡ್ಡ ಕಂಪನಿ ಅಂದುಕೊಳ್ಳಿ, ಅವನ ದರ 100. ಸಣ್ಣ ಉದ್ದಿಮೆ 115ರ ಒಳಗೆ ಇದ್ದರೆ ಅದನ್ನು ಕರೆದು, 100ಕ್ಕೆ ಇಳಿಯುತ್ತೀಯಾ ಅಂತ ಕೇಳಬೇಕು. ಇಳಿದರೆ ಮಾತ್ರ ಆರ್ಡರ್‌ನಲ್ಲಿ ಪಾಲು. ಸಂಸ್ಥೆ ಕೊಡುವುದು 100 ಮಾತ್ರ. ಒಂದು ಪೈಸೆ ಜಾಸ್ತಿ ಇಲ್ಲ.

ಬ್ರೆಜಿಲ್‌ನಲ್ಲೂ ಹೆಚ್ಚುಕಮ್ಮಿ ಇದೇ ತರಹ. 2006ರ ಕಾನೂನಿನ ಪ್ರಕಾರ ಸಣ್ಣವರ ದರ ಶೇ 10ರ ಒಳಗೆ ಇದ್ದರೆ (ಹರಾಜಿನಂತೆ ನಡೆಯುವ ಬಿಡ್ಡಿಂಗ್‌ನಲ್ಲಿ ಶೇ 5) ಇಬ್ಬರೂ ಸಮ ಅಂತ ಎಣಿಸುತ್ತಾರೆ. ಆಮೇಲೆ ಸಣ್ಣವರಿಗೆ ಇನ್ನೂ ಕಡಿಮೆ ದರ ಹೇಳುವ ಅವಕಾಶ.

ಕ್ಯಾಲಿಫೋರ್ನಿಯಾ ರಾಜ್ಯದ ಶೇ 5ರ ಆದ್ಯತೆ ಬೇರೆ ಜಾತಿಯದು. ಅಲ್ಲಿ ಹೋಲಿಸುವಾಗ ಮಾತ್ರ ಸಣ್ಣವರಿಗೆ ಶೇ 5ರ ಅನುಕೂಲ. ಗೆದ್ದರೆ ಅವರು ಬರೆದ ಪೂರ್ತಿ ದರ ಸಿಗುತ್ತದೆ. ನಿಮ್ಮ ಆಕ್ಷೇಪ ತಾಗುವುದು ಇಂಥದ್ದಕ್ಕೆ.

ಅಂಕದ ಪದ್ಧತಿಗೆ ದಕ್ಷಿಣ ಆಫ್ರಿಕಾ ನೋಡಬೇಕು. ಅಲ್ಲಿ 2000ನೇ ಇಸವಿಯ ಕಾನೂನಿನಡಿ ಸಣ್ಣ ಗುತ್ತಿಗೆಗಳಿಗೆ 80/20, ದೊಡ್ಡದಕ್ಕೆ 90/10. ದರಕ್ಕೆ 80 ಅಂಕ, ಆದ್ಯತೆಗೆ 20. ನೋಡಲು ಹಗುರ ಅನ್ನಿಸುತ್ತದೆ. ಲೆಕ್ಕ ಹಾಕಿ ನೋಡಿ. ಕನಿಷ್ಠ ದರಕ್ಕಿಂತ ಶೇ 10 ಜಾಸ್ತಿ ಇದ್ದವನು ದರದಲ್ಲಿ 8 ಅಂಕ ಕಳೆದುಕೊಳ್ಳುತ್ತಾನೆ. ಶೇ 25 ಜಾಸ್ತಿ ಇದ್ದವನು 20 ಅಂಕ. ಅಂದರೆ ಪೂರ್ತಿ 20 ಆದ್ಯತೆ ಅಂಕ ಸಿಕ್ಕವನು, ಅದೇನೂ ಸಿಗದವನಿಗಿಂತ ಶೇ 25ರ ಹತ್ತಿರದವರೆಗೆ ಜಾಸ್ತಿ ದರ ಹಾಕಿ ಗೆಲ್ಲಬಹುದು. ಸಮಿತಿಯವರು ಸುಮ್ನೆ '20 ಅಂಕ ತಾನೇ' ಅಂತ ಒಪ್ಪುವ ಮುನ್ನ ಈ ಗುಣಾಕಾರ ಕಾಗದದ ಮೇಲೆ ಮಾಡಲಿ.

ತೆರಿಗೆ_ಕಟ್ಟುವವ

ಇದು ನನಗೆ ಗೊತ್ತಿರಲಿಲ್ಲ, ಧನ್ಯವಾದ. ಎಲ್-1 ದರಕ್ಕೇ ಇಳಿಯಬೇಕು ಅಂದರೆ ನನ್ನ ತಕರಾರು ಬಹಳ ಮಟ್ಟಿಗೆ ಕರಗಿತು. ಆದರೆ ಒಂದು ಅನುಮಾನ. 115ಕ್ಕೆ ಬಿಡ್ ಹಾಕಿದವನು 100ಕ್ಕೆ ಹೇಗೆ ಇಳಿಯುತ್ತಾನೆ? ಮೊದಲೇ ಜಾಸ್ತಿ ಹಾಕಿದ್ದನೋ, ಇಲ್ಲ ಈಗ ನಷ್ಟಕ್ಕೆ ಒಪ್ಪುತ್ತಿದ್ದಾನೋ?

ಫ್ಯಾಬ್ರಿಕೇಷನ್_ಶೆಡ್

ನಾನು ಹೇಳುತ್ತೇನೆ, ಯಾಕೆಂದರೆ ಆ ಜಾಗದಲ್ಲಿ ನಿಂತವನು ನಾನು. ಸ್ಟೀಲ್ ಕಪಾಟು, ರ‍್ಯಾಕ್ ಮಾಡುವ ಯೂನಿಟ್ ನಮ್ಮದು.

ದೊಡ್ಡವನು ಶೀಟನ್ನು ನೇರ ಮಿಲ್‌ನಿಂದ ಲೋಡ್‌ಗಟ್ಟಲೆ ತರಿಸುತ್ತಾನೆ. ನಾನು ಡೀಲರ್ ಹತ್ತಿರ ಬೇಕಾದಷ್ಟೇ ಎತ್ತುತ್ತೇನೆ. ವ್ಯತ್ಯಾಸ ಅಲ್ಲೇ ಶುರು. ನಾನು ಹಾಕಿದ ದರದಲ್ಲಿ ಕೊಬ್ಬು ಇರಲಿಲ್ಲ. 100ಕ್ಕೆ ಇಳಿದೆ ಅಂದರೆ ನನ್ನ ಲಾಭ ಹೋಯಿತು, ಹುಡುಗರ ಸಂಬಳ ಮತ್ತು ಕರೆಂಟ್ ಬಿಲ್ ಹೊರಟರೆ ಸಾಕು ಅಂತ ಒಪ್ಪಿದೆ ಅಂತ ಅರ್ಥ. ಯಾಕೆ ಒಪ್ಪುತ್ತೇವೆ? ಸರ್ಕಾರಿ ಆರ್ಡರ್ ಮಾಡಿದ ಅನುಭವ ಪತ್ರ ಬೇಕು. ಅದಿಲ್ಲದಿದ್ದರೆ ಮುಂದಿನ ಟೆಂಡರ್‌ನಲ್ಲಿ ಬಾಗಿಲು ತೆರೆಯುವುದಿಲ್ಲ.

ಆದರೆ ದರಕ್ಕಿಂತ ನನ್ನನ್ನು ಹಿಂಡಿದ್ದು ಬಿಲ್. ಮಾಲು ಹೋಯಿತು, ತಪಾಸಣೆ ಆಯಿತು, ಸಹಿ ಬಿತ್ತು. ದುಡ್ಡು ಬರಲಿಲ್ಲ. ಅನುದಾನ ಬಿಡುಗಡೆ ಆಗಿಲ್ಲ ಅಂದರು. ಆಮೇಲೆ ಫೈಲ್ ನೋಡುವವರು ರಜೆ ಅಂದರು. ಅಷ್ಟರಲ್ಲಿ ಬ್ಯಾಂಕಿನ ಓಡಿ (ಓವರ್‌ಡ್ರಾಫ್ಟ್ ಸಾಲ) ಮೇಲೆ ಬಡ್ಡಿ ಓಡುತ್ತಲೇ ಇರುತ್ತದೆ. ಶೇ 15 ಆದ್ಯತೆ ಕೊಟ್ಟು ಎಂಟು ತಿಂಗಳು ಬಿಲ್ ಕೂರಿಸಿದರೆ ಆ ಆದ್ಯತೆ ಬ್ಯಾಂಕಿಗೆ ಹೋಯಿತು, ನನಗಲ್ಲ.

ಕಾನೂನು ಇದೆ, ಇಲ್ಲ ಅಂತ ಹೇಳುವುದಿಲ್ಲ. 2006ರ ಎಂಎಸ್‌ಎಂಇ ಕಾಯ್ದೆ ಪ್ರಕಾರ ಒಪ್ಪಂದ ಇದ್ದರೂ 45 ದಿನ ಮೀರುವ ಹಾಗಿಲ್ಲ. ಮೀರಿದರೆ ರಿಸರ್ವ್ ಬ್ಯಾಂಕ್ ಪ್ರಕಟಿಸುವ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ, ತಿಂಗಳು ತಿಂಗಳು ಕೂಡಿಸಿಕೊಂಡು. ಓದಲು ಎಷ್ಟು ಗಟ್ಟಿ ಇದೆ, ಅಲ್ವಾ? ಆದರೆ ನಾಳೆ ಆರ್ಡರ್ ಕೊಡಬೇಕಾದವರ ಮೇಲೆ ಇವತ್ತು ದೂರು ಕೊಡುವ ಧೈರ್ಯ ಯಾರಿಗಿದೆ? ನಾನು ಕೊಡಲಿಲ್ಲ. ನನ್ನ ಪರಿಚಯದವರೂ ಕೊಟ್ಟಿಲ್ಲ.

ಖರೀದಿ_ವಿಭಾಗದವರೇ, ನಿಮ್ಮ ಕರಡಿನಲ್ಲಿ ಒಂದೇ ಸಾಲಿಗೆ ಜಾಗ ಇದೆ ಅಂತಾದರೆ ನನಗೆ ಶೇಕಡಾವಾರು ಬೇಡ. ತಡವಾದರೆ ಬಡ್ಡಿ ತಾನಾಗಿಯೇ ಬಿಲ್‌ಗೆ ಸೇರಬೇಕು, ನಾನು ಅರ್ಜಿ ಹಾಕುವ ಹಾಗಿರಬಾರದು ಅಂತ ಬರೆಯಿರಿ.

ಬಿಡ್_ಲೆಕ್ಕ

ಅಮೆರಿಕದಲ್ಲಿ 1982ರ ಪಾವತಿ ಕಾನೂನು ಇರುವುದು ಹೀಗೇ. ಫೆಡರಲ್ ಇಲಾಖೆ ತಡ ಮಾಡಿದರೆ ಬಡ್ಡಿಯನ್ನು ತಾನೇ ಸೇರಿಸಿ ಕೊಡಬೇಕು, ಪೂರೈಕೆದಾರ ಕೇಳಬೇಕಾಗಿಲ್ಲ. ಹಾಗಾಗಿ ಇದು ಆಗದ ಮಾತಲ್ಲ.

ತೆರಿಗೆ_ಕಟ್ಟುವವ

ಫ್ಯಾಬ್ರಿಕೇಷನ್_ಶೆಡ್ ಅವರ ಬೇಡಿಕೆಗೆ ನನ್ನ ಪೂರ್ತಿ ಒಪ್ಪಿಗೆ. ಸಮಯಕ್ಕೆ ದುಡ್ಡು ಕೊಡುವುದು ಉಪಕಾರ ಅಲ್ಲ, ಅದು ಸಾಲ ತೀರಿಸುವುದು. ತಡವಾಗುತ್ತದೆ ಅಂತ ಗೊತ್ತಿದ್ದರೆ ಎಲ್ಲರೂ ದರದಲ್ಲೇ ಅದನ್ನು ಸೇರಿಸುತ್ತಾರೆ. ಕೊನೆಗೆ ನಾವೇ ಕಟ್ಟುತ್ತೇವೆ.

ಕಾನೂನು_ಓದುಗ

'ಸಣ್ಣ' ಮತ್ತು 'ಸ್ಥಳೀಯ' ಎರಡನ್ನೂ ಒಂದೇ ನಿಯಮದಲ್ಲಿ ಕಟ್ಟಬೇಡಿ. ಇದನ್ನು ಒತ್ತಿ ಹೇಳುತ್ತೇನೆ. ಸಣ್ಣವರಿಗೆ ಕೊಡುವ ಆದ್ಯತೆಯನ್ನು ನ್ಯಾಯಾಲಯಗಳು, ಒಪ್ಪಂದಗಳು ಸಾಮಾನ್ಯವಾಗಿ ಸಹಿಸುತ್ತವೆ. ಊರು ನೋಡಿ ಕೊಡುವ ಆದ್ಯತೆಗೆ ತೊಂದರೆ ಜಾಸ್ತಿ.

ಯುರೋಪಿನ ಉದಾಹರಣೆ ಸ್ಪಷ್ಟವಾಗಿದೆ. ಇಟಲಿಯಲ್ಲಿ ದಕ್ಷಿಣ ಭಾಗ ಬಡವಾಗಿತ್ತು. ಸಾರ್ವಜನಿಕ ಸಂಸ್ಥೆಗಳು ತಮ್ಮ ಖರೀದಿಯ ಶೇ 30ನ್ನು ಅಲ್ಲಿ ತಯಾರಿಸುವವರಿಂದಲೇ ಮಾಡಬೇಕು ಅಂತ ಕಾನೂನು ಇತ್ತು. ಉದ್ದೇಶ ಒಳ್ಳೆಯದೇ. ಡ್ಯುಪಾಂಟ್ ಕಂಪನಿಯ ಇಟಲಿ ಶಾಖೆಯ ಮೊಕದ್ದಮೆಯಲ್ಲಿ 1990ರಲ್ಲಿ ಯುರೋಪಿನ ನ್ಯಾಯಾಲಯ ಅದು ಸರಕುಗಳ ಮುಕ್ತ ಓಡಾಟಕ್ಕೆ ಅಡ್ಡಿ ಅಂತ ಹೇಳಿತು. ಇಟಲಿಯ ಉತ್ತರ ಭಾಗದವರಿಗೂ ಇದರಿಂದ ನಷ್ಟ ಆಗುತ್ತಿತ್ತು ಎಂಬ ವಾದ ಅಲ್ಲಿ ನಡೆಯಲಿಲ್ಲ.

ಅಮೆರಿಕದಲ್ಲಿ ಇನ್ನೊಂದು ತಮಾಷೆಯಲ್ಲದ ಬೆಳವಣಿಗೆ ಇದೆ. ಒಂದು ರಾಜ್ಯ ತನ್ನವರಿಗೆ ಶೇ 5 ಕೊಟ್ಟರೆ, ಪಕ್ಕದ ರಾಜ್ಯ ಆ ರಾಜ್ಯದ ಬಿಡ್‌ದಾರರ ಮೇಲೆ ಅದೇ ಶೇ 5 ಹೇರುತ್ತದೆ. ಎದುರೇಟಿನ ಇಂಥ ಕಾನೂನು ಅಲ್ಲಿ ಹಲವು ರಾಜ್ಯಗಳಲ್ಲಿದೆ. ಗಡಿ ದಾಟಿ ವ್ಯಾಪಾರ ಮಾಡುವ ನಿಮ್ಮದೇ ಸಣ್ಣ ಉದ್ದಿಮೆ ಆಗ ಪೆಟ್ಟು ತಿನ್ನುತ್ತದೆ.

ವಿಶ್ವ ವ್ಯಾಪಾರ ಸಂಸ್ಥೆಯ ಸರ್ಕಾರಿ ಖರೀದಿ ಒಪ್ಪಂದಕ್ಕೆ ಸಹಿ ಹಾಕಿದ ದೇಶಗಳು ಹೊರಗಿನವರಿಗೂ ಸಮಾನ ಅವಕಾಶ ಕೊಡಬೇಕು. ಅಮೆರಿಕ ಸಹಿ ಹಾಕುವಾಗಲೇ ಸಣ್ಣ ಉದ್ದಿಮೆಗಳ ಮೀಸಲು ಈ ಒಪ್ಪಂದದಿಂದ ಹೊರಗೆ ಅಂತ ಬರೆಸಿಕೊಂಡಿದೆ. ಭಾರತ ಆ ಒಪ್ಪಂದದಲ್ಲಿ ಸದಸ್ಯ ಅಲ್ಲ, ವೀಕ್ಷಕ ಮಾತ್ರ. ಹಾಗಾಗಿ 2017ರ ಮೇಕ್ ಇನ್ ಇಂಡಿಯಾ ಖರೀದಿ ಆದೇಶದಲ್ಲಿ ದೇಶೀಯ ಮೌಲ್ಯ ಎಷ್ಟು ಎಂದು ನೋಡಿ ಆದ್ಯತೆ ಕೊಡಲು ಆಯಿತು. ನಿಮ್ಮ ಸಂಸ್ಥೆಗೆ ಯಾವ ಒಪ್ಪಂದ, ಯಾವ ಮೇಲಿನ ಕಾನೂನು ತಾಗುತ್ತದೆ ಅಂತ ಮೊದಲು ನೋಡಿಕೊಳ್ಳಿ. ಶೇಕಡಾವಾರು ಆಮೇಲೆ.

ಖರೀದಿ_ವಿಭಾಗ

ಇದು ನಮ್ಮ ಸಮಿತಿಯಲ್ಲಿ ಯಾರೂ ಎತ್ತಿರಲಿಲ್ಲ. ಸ್ಥಳೀಯ ಆದ್ಯತೆ ಕೈಬಿಟ್ಟರೆ ಹತ್ತಿರದವರಿಗೆ ಅವಕಾಶ ಕೊಡುವ ಬೇರೆ ದಾರಿ ಇದೆಯಾ?

ಪೌರ_ಕೆಲಸ

ಇದೆ. ಇಂಗ್ಲೆಂಡಿನ ಪ್ರೆಸ್ಟನ್ ನಗರದ ಬಗ್ಗೆ ಓದಿ. 2011ರಲ್ಲಿ ಅಲ್ಲಿ ದೊಡ್ಡ ಮಾರುಕಟ್ಟೆ ಸಂಕೀರ್ಣದ ಯೋಜನೆ ಬಿದ್ದುಹೋಯಿತು. ಹೊರಗಿನ ಬಂಡವಾಳ ಬರುವುದಿಲ್ಲ ಅಂತಾದ ಮೇಲೆ ನಗರಸಭೆಯವರು ಬೇರೆ ಪ್ರಶ್ನೆ ಕೇಳಿಕೊಂಡರು. ನಮ್ಮ ಊರಿನ ದೊಡ್ಡ ಸಂಸ್ಥೆಗಳು, ಅಂದರೆ ನಗರಸಭೆ, ಕೌಂಟಿ, ಪೊಲೀಸ್, ಕಾಲೇಜು, ವಸತಿ ಸಂಘ, ದುಡ್ಡು ಯಾರಿಗೆ ಕೊಡುತ್ತಿವೆ?

ಲೆಕ್ಕ ತೆಗೆದರು. 2012-13ರಲ್ಲಿ ಈ ಸಂಸ್ಥೆಗಳ ಖರೀದಿಯಲ್ಲಿ ಪ್ರೆಸ್ಟನ್ ಒಳಗೆ ಉಳಿಯುತ್ತಿದ್ದದ್ದು ಶೇ 5 ಮಾತ್ರ. 2016-17ಕ್ಕೆ ಅದು ಶೇ 18 ದಾಟಿತು. ಗಮನಿಸಿ, ಯುರೋಪಿನ ನಿಯಮ ಅಲ್ಲಿ ಆಗ ಜಾರಿಯಲ್ಲಿತ್ತು. ಸ್ಥಳೀಯರಿಗೆ ಅಂಕ ಕೊಡುವ ಹಾಗೇ ಇರಲಿಲ್ಲ. ಅವರು ಮಾಡಿದ್ದು ಟೆಂಡರ್‌ಗೆ ಮುಂಚಿನ ಕೆಲಸ. ಯಾವ ವಸ್ತು ಹತ್ತಿರದಲ್ಲೇ ಸಿಗಬಹುದು ಅಂತ ಪಟ್ಟಿ ಮಾಡಿದರು. ದೊಡ್ಡ ಗುತ್ತಿಗೆಗಳನ್ನು ಭಾಗ ಮಾಡಿದರು. ಪೂರೈಕೆದಾರರನ್ನು ಕರೆದು ಮುಂದೆ ಏನು ಬರುತ್ತದೆ ಅಂತ ಹೇಳಿದರು. ಶಾಲಾ ಮಕ್ಕಳ ಊಟದ ಗುತ್ತಿಗೆಯನ್ನು ಮೊಸರು, ಚೀಸ್ ಅಂತ ಬೇರೆ ಬೇರೆ ಭಾಗವಾಗಿ ಕರೆದಾಗ ಸುತ್ತಲಿನ ರೈತರ ಮಾಲು ತರುವವರು ಬಿಡ್ ಹಾಕಲು ಬಂದರು. ನನಗೆ ಇದು ಇಡೀ ವಿಷಯದಲ್ಲಿ ಅತ್ಯಂತ ಇಷ್ಟವಾದ ಉದಾಹರಣೆ. ಯಾರ ದರವನ್ನೂ ತಿದ್ದಲಿಲ್ಲ, ಬಾಗಿಲು ಅಗಲ ಮಾಡಿದರು ಅಷ್ಟೇ.

ಫ್ಯಾಬ್ರಿಕೇಷನ್_ಶೆಡ್

ಹೌದು, ಪ್ಯಾಕೇಜ್ ದೊಡ್ಡದಾದಷ್ಟೂ ನಾವು ಹೊರಗೆ. ಹತ್ತು ಕಟ್ಟಡದ ಪೀಠೋಪಕರಣ ಒಂದೇ ಟೆಂಡರ್‌ನಲ್ಲಿ ಕರೆದು, ಅದರ ಹಲವು ಪಟ್ಟು ಟರ್ನೋವರ್ ಬೇಕು ಅಂತ ಷರತ್ತು ಹಾಕಿದರೆ ಶೇ 15 ಆದ್ಯತೆ ಯಾರಿಗೆ? ಬಿಡ್ ಹಾಕುವ ಅರ್ಹತೆಯೇ ಇಲ್ಲದವನಿಗೆ.

ಕಾನೂನು_ಓದುಗ

ಇದಕ್ಕೆ ಯುರೋಪಿನ 2014ರ ನಿರ್ದೇಶನದಲ್ಲಿ ಎರಡು ಒಳ್ಳೆಯ ಸಾಲುಗಳಿವೆ. ಕೇಳುವ ಟರ್ನೋವರ್ ಸಾಮಾನ್ಯವಾಗಿ ಗುತ್ತಿಗೆ ಮೊತ್ತದ ಎರಡು ಪಟ್ಟು ಮೀರಬಾರದು. ಗುತ್ತಿಗೆಯನ್ನು ಭಾಗ ಮಾಡದಿದ್ದರೆ ಯಾಕೆ ಮಾಡಲಿಲ್ಲ ಅಂತ ಕಾರಣ ಬರೆಯಬೇಕು. ಎರಡನೆಯದು ಸಣ್ಣದು ಅನ್ನಿಸಬಹುದು. ಆದರೆ ಕಾರಣ ಬರೆಯಬೇಕು ಅಂದ ತಕ್ಷಣ ಅಧಿಕಾರಿ ಒಂದು ಸಲ ಯೋಚಿಸುತ್ತಾನೆ.

ಹೊಸ_ಬಿಡ್‌ದಾರ

ಒಂದು ಸಣ್ಣ ಪ್ರಶ್ನೆ. ಟೆಂಡರ್ ತುಂಡು ಮಾಡುವುದು ತಪ್ಪು, ಆಡಿಟ್ ಆಕ್ಷೇಪ ಬರುತ್ತದೆ ಅಂತ ಕೇಳಿದ್ದೇನೆ. ಇಲ್ಲಿ ಎಲ್ಲರೂ ಮಾಡಿ ಅನ್ನುತ್ತಿದ್ದೀರಿ?

ಆಡಿಟ್_ಕಣ್ಣು

ಒಳ್ಳೆಯ ಪ್ರಶ್ನೆ, ಬಹಳ ಜನ ಗೊಂದಲ ಮಾಡಿಕೊಳ್ಳುತ್ತಾರೆ. ಒಂದೇ ಖರೀದಿಯನ್ನು ಟೆಂಡರ್ ಮಿತಿಯ ಕೆಳಗೆ ಬರುವ ಹಾಗೆ ಒಡೆದು, ಬೇಕಾದವರಿಂದ ಮೂರು ಕೊಟೇಷನ್ ತರಿಸಿ ಕೊಳ್ಳುವುದು ತಪ್ಪು. ಪೂರ್ತಿ ಖರೀದಿಯನ್ನು ಒಂದೇ ಸಲ ಬಹಿರಂಗವಾಗಿ ಪ್ರಕಟಿಸಿ, ಅದರೊಳಗೆ ಭಾಗಗಳನ್ನು ಮಾಡಿ, ಯಾವ ಭಾಗಕ್ಕೆ ಬೇಕಾದರೂ ಬಿಡ್ ಹಾಕಿ ಅನ್ನುವುದು ಸರಿ. ಮಿತಿಯನ್ನು ಲೆಕ್ಕ ಹಾಕುವಾಗ ಎಲ್ಲ ಭಾಗಗಳ ಒಟ್ಟು ಮೊತ್ತ ಹಿಡಿಯಬೇಕು. ಕರಡಿನಲ್ಲಿ ಈ ವ್ಯತ್ಯಾಸ ಬಿಡಿಸಿ ಬರೆಯದಿದ್ದರೆ ಹೆದರುವ ಅಧಿಕಾರಿ ಯಾವತ್ತೂ ಭಾಗ ಮಾಡುವುದಿಲ್ಲ. ಹೆದರದವನು ಮಾಡಬಾರದ್ದನ್ನು ಮಾಡುತ್ತಾನೆ.

ಬಂದದ್ದಕ್ಕೆ ಇನ್ನೊಂದು ವಿಷಯ. ಆದ್ಯತೆ ಕೊಟ್ಟ ತಕ್ಷಣ ಬೇನಾಮಿ ಬರುತ್ತದೆ. ಇದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ನೋಂದಣಿ ಒಬ್ಬ ಸಣ್ಣವನ ಹೆಸರಿನಲ್ಲಿ, ಮಾಲು ದೊಡ್ಡವನ ಗೋದಾಮಿನಿಂದ. ಸಣ್ಣವನಿಗೆ ಸಿಗುವುದು ಹೆಸರು ಕೊಟ್ಟಿದ್ದಕ್ಕೆ ಕಮಿಷನ್. ನಿಜವಾಗಿ ಲೇತ್ ಇಟ್ಟುಕೊಂಡು ದುಡಿಯುವವನು ಈ ಹೆಸರಿನ ಎದುರು ಸೋಲುತ್ತಾನೆ. ನನಗೆ ಸಿಟ್ಟು ಬರುವುದು ಅಲ್ಲಿ.

ಅಮೆರಿಕದಲ್ಲಿ ಮೀಸಲು ಸೇವಾ ಗುತ್ತಿಗೆ ಗೆದ್ದ ಸಣ್ಣ ಕಂಪನಿ, ಸಿಕ್ಕ ದುಡ್ಡಿನಲ್ಲಿ ಶೇ 50ಕ್ಕಿಂತ ಜಾಸ್ತಿಯನ್ನು ತನ್ನಂಥದ್ದಲ್ಲದ ಕಂಪನಿಗಳಿಗೆ ಸಬ್ ಕಾಂಟ್ರಾಕ್ಟ್ ಕೊಡುವ ಹಾಗಿಲ್ಲ. ಭಾರತದ 2012ರ ನೀತಿಯ ಲಾಭ ಬರೀ ವ್ಯಾಪಾರ ಮಾಡುವವರಿಗೆ ಸಿಗುವುದಿಲ್ಲ. ತಯಾರಿಸಬೇಕು ಇಲ್ಲವೇ ಸೇವೆ ಕೊಡಬೇಕು. ಇವೆರಡೂ ಸರಿಯಾದ ನಿಯಮಗಳು. ಆದರೆ ಯಾರು ಪರೀಕ್ಷಿಸುತ್ತಾರೆ? ಪ್ರಮಾಣಪತ್ರದ ಪ್ರತಿ ಫೈಲ್‌ನಲ್ಲಿದ್ದರೆ ಸಾಕು ಅಂತ ಎಲ್ಲರೂ ಬಿಡುತ್ತಾರೆ. ನನ್ನ ಸಲಹೆ: ಯೂನಿಟ್‌ನ ಕರೆಂಟ್ ಬಿಲ್ ನೋಡಿ, ಕೆಲಸಗಾರರ ಪಿಎಫ್ ಚಲನ್ ನೋಡಿ, ಕಚ್ಚಾ ಮಾಲು ಕೊಂಡ ಬಿಲ್ ನೋಡಿ. ಸಾವಿರ ಕಪಾಟು ಮಾಡಿದೆ ಅನ್ನುವವನ ಶೆಡ್‌ನ ಕರೆಂಟ್ ಬಿಲ್ ಒಂದು ಮನೆಯಷ್ಟೇ ಬಂದಿದ್ದರೆ ಬೇರೆ ಸಾಕ್ಷಿ ಬೇಡ.

ದಕ್ಷಿಣ ಆಫ್ರಿಕಾದ ಇನ್ನೊಂದು ಪಾಠ ಹೇಳಲೇಬೇಕು. 2017ರ ನಿಯಮಗಳಲ್ಲಿ ದೊಡ್ಡ ಗುತ್ತಿಗೆಗಳ ಕನಿಷ್ಠ ಶೇ 30 ಸಬ್ ಕಾಂಟ್ರಾಕ್ಟ್ ಆಗಿ ಹೋಗಬೇಕು ಎಂಬ ಅಂಶ ಇತ್ತು. ಕೆಲವು ಕಡೆ ಗುಂಪುಗಳು ಕಾಮಗಾರಿ ಜಾಗಕ್ಕೆ ನುಗ್ಗಿ, ಆ ಶೇ 30 ನಮ್ಮದು, ಕೊಡದಿದ್ದರೆ ಕೆಲಸ ನಿಲ್ಲಿಸುತ್ತೇವೆ ಅಂತ ಕೂತವು. 2022ರಲ್ಲಿ ಅಲ್ಲಿನ ಸಂವಿಧಾನ ನ್ಯಾಯಾಲಯ ಆ ನಿಯಮಗಳನ್ನೇ ರದ್ದು ಮಾಡಿದ್ದು ಬೇರೆ ಕಾರಣಕ್ಕೆ, ಸಚಿವರು ತಮ್ಮ ಅಧಿಕಾರ ಮೀರಿದ್ದರು ಅಂತ. ಆದರೆ ಅಷ್ಟರಲ್ಲಿ ಕಾಮಗಾರಿ ಜಾಗದಲ್ಲಿ ಹಾನಿ ಆಗಿತ್ತು. ಯಾರು ಅರ್ಹರು, ಯಾರು ಆರಿಸುತ್ತಾರೆ ಅಂತ ಬರೆಯದೆ ಬರೀ ಒಂದು ಪಾಲು ಘೋಷಿಸಿದರೆ ಆ ಪಾಲು ಬಲ ಇದ್ದವನಿಗೆ ಹೋಗುತ್ತದೆ.

ಹರಾಜು_ಪಾಠ

ಅರ್ಥಶಾಸ್ತ್ರ ಕಲಿಸುತ್ತೇನೆ. ಸಂಶೋಧನೆ ಏನು ಹೇಳುತ್ತದೆ ಅಂತ ಸ್ವಲ್ಪ ಬರೆಯುತ್ತೇನೆ.

ಕ್ಯಾಲಿಫೋರ್ನಿಯಾದ ಹೆದ್ದಾರಿ ಗುತ್ತಿಗೆಗಳಲ್ಲಿ ಹೋಲಿಸಿ ನೋಡಲು ಒಂದು ಅನುಕೂಲ ಇತ್ತು. ರಾಜ್ಯದ ದುಡ್ಡಿನ ಕಾಮಗಾರಿಗೆ ಸಣ್ಣವರಿಗೆ ಶೇ 5 ಆದ್ಯತೆ, ಫೆಡರಲ್ ದುಡ್ಡಿನದಕ್ಕೆ ಅದಿಲ್ಲ. ಎರಡನ್ನೂ ಹೋಲಿಸಿದ ಅಧ್ಯಯನದಲ್ಲಿ ಆದ್ಯತೆ ಇದ್ದ ಕಡೆ ವೆಚ್ಚ ಶೇ 3.8 ಜಾಸ್ತಿ ಕಂಡಿತು. ಮುಖ್ಯ ಕಾರಣ, ದೊಡ್ಡ ಗುತ್ತಿಗೆದಾರರು ಅಂಥ ಟೆಂಡರ್‌ಗಳಿಂದ ದೂರ ಉಳಿದಿದ್ದು.

ಇನ್ನೊಂದು ಬದಿಯೂ ಇದೆ. ಸಣ್ಣವರಿಗೆ ಸ್ವಲ್ಪ ಅನುಕೂಲ ಇದ್ದರೆ ದೊಡ್ಡವನು ಸುಲಭವಾಗಿ ಗೆಲ್ಲುತ್ತೇನೆ ಅಂತ ಕೂರುವ ಹಾಗಿಲ್ಲ, ದರ ಇಳಿಸಬೇಕಾಗುತ್ತದೆ. ಹರಾಜಿನ ಸಿದ್ಧಾಂತ ಇದನ್ನು 1980ರ ದಶಕದಲ್ಲೇ ತೋರಿಸಿದೆ. ಅಮೆರಿಕದ ಅರಣ್ಯ ಇಲಾಖೆ ಮರ ಮಾರುವ ಹರಾಜುಗಳನ್ನು ನೋಡಿದ ಅಧ್ಯಯನ ನನಗೆ ಮುಖ್ಯ ಅನ್ನಿಸುತ್ತದೆ. ಅಲ್ಲಿ ಕೆಲವು ಹರಾಜು ಪೂರ್ತಿ ಸಣ್ಣವರಿಗೇ ಮೀಸಲು. ಮೀಸಲಿಡುವ ಬದಲು ಎಲ್ಲರನ್ನೂ ಒಳಗೆ ಬಿಟ್ಟು ಸಣ್ಣವರ ಬಿಡ್‌ಗೆ ಸ್ವಲ್ಪ ಅನುಕೂಲ ಕೊಟ್ಟರೆ ಸರ್ಕಾರಕ್ಕೂ ಆದಾಯ ಜಾಸ್ತಿ, ಸಣ್ಣವರಿಗೂ ಲಾಭ ಜಾಸ್ತಿ ಅಂತ ಲೆಕ್ಕ ಬಂತು.

ಹಾಗಾಗಿ ಶೇಕಡಾವಾರು ಎಷ್ಟು ಎಂಬುದಕ್ಕಿಂತ ಎಷ್ಟು ಜನ ಬಿಡ್ ಹಾಕುತ್ತಾರೆ ಎಂಬುದು ದೊಡ್ಡ ಪ್ರಶ್ನೆ. ಎಷ್ಟು ಜನ ಟೆಂಡರ್ ಕಾಗದ ಪಡೆದರು, ಎಷ್ಟು ಜನ ಬಿಡ್ ಹಾಕಿದರು, ಎಷ್ಟು ಜನ ತಾಂತ್ರಿಕ ಹಂತದಲ್ಲಿ ಬಿದ್ದರು. ಈ ಮೂರು ಅಂಕಿ ಮೊದಲ ದಿನದಿಂದ ಇಟ್ಟುಕೊಳ್ಳಿ.

ಹೊಸ_ಬಿಡ್‌ದಾರ

ಮೀಸಲು ಇಟ್ಟು, ಇಬ್ಬರೇ ಸಣ್ಣವರು ಇದ್ದು, ಇಬ್ಬರೂ ಮಾತಾಡಿಕೊಂಡು ದರ ಏರಿಸಿದರೆ?

ಬಿಡ್_ಲೆಕ್ಕ

ಅಮೆರಿಕದಲ್ಲಿ ಇದಕ್ಕೆ ಒಂದು ಪರೀಕ್ಷೆ ಇದೆ. ಕನಿಷ್ಠ ಇಬ್ಬರು ಅರ್ಹ ಸಣ್ಣವರು ಬಿಡ್ ಹಾಕುತ್ತಾರೆ, ದರವೂ ಮಾರುಕಟ್ಟೆಗೆ ಸರಿಯಾಗಿರುತ್ತದೆ ಅನ್ನುವ ನಂಬಿಕೆ ಇದ್ದರೆ ಮಾತ್ರ ಮೀಸಲು. ಇಬ್ಬರು ನನಗೂ ಕಡಿಮೆ ಅನ್ನಿಸುತ್ತದೆ. ಮೂರು ಇಟ್ಟುಕೊಳ್ಳಿ. ಜೊತೆಗೆ ಟೆಂಡರ್ ತೆರೆಯುವ ಮೊದಲೇ ಅಂದಾಜು ದರ ಬರೆದಿಟ್ಟು, ಅದನ್ನು ಮೀರಿದರೆ ಎಲ್ಲರಿಗೂ ಮತ್ತೆ ಕರೆಯುವ ಷರತ್ತು ಹಾಕಿ.

ಖರೀದಿ_ವಿಭಾಗ

ನಮ್ಮ ಕಡೆಯ ಮಾತನ್ನೂ ಹೇಳಬೇಕು. ಅಧಿಕಾರಿಗಳು ದೊಡ್ಡವರನ್ನೇ ಇಷ್ಟಪಡುವುದು ಲಂಚಕ್ಕೆ ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ಬಹಳ ಸಲ ಅದು ಭಯ. ಹೆಸರುವಾಸಿ ಕಂಪನಿ ಮಾಲು ತಡ ಮಾಡಿದರೆ ಯಾರೂ ನನ್ನನ್ನು ಕೇಳುವುದಿಲ್ಲ. ಸಣ್ಣ ಯೂನಿಟ್ ತಡ ಮಾಡಿದರೆ ಇವರನ್ನು ಯಾಕೆ ಆರಿಸಿದಿರಿ ಅಂತ ನೋಟಿಸ್ ಬರುತ್ತದೆ. ನಿಯಮದಲ್ಲಿ ಆದ್ಯತೆ ಬರೆದು, ಅದನ್ನು ಪಾಲಿಸಿದ ಅಧಿಕಾರಿಯನ್ನು ಒಂಟಿ ಮಾಡಿದರೆ ಏನೂ ನಡೆಯುವುದಿಲ್ಲ. ಪ್ರಾಮಾಣಿಕವಾಗಿ ನಿಯಮ ಪಾಲಿಸಿ ಆರಿಸಿದ ಪೂರೈಕೆದಾರ ಎಡವಿದರೆ ಅದಕ್ಕೆ ಅಧಿಕಾರಿ ಹೊಣೆ ಅಲ್ಲ ಅಂತ ಕರಡಿನಲ್ಲಿ ಸೇರಿಸಲು ಕೇಳುತ್ತೇನೆ.

ಇಲ್ಲಿಯವರೆಗಿನ ಮಾತು ಕೇಳಿ ನನ್ನ ಟಿಪ್ಪಣಿಯ ಕ್ರಮ ಬದಲಾಯಿತು. ಮೊದಲು ಪಾವತಿ ಮತ್ತು ತಾನಾಗಿಯೇ ಸೇರುವ ಬಡ್ಡಿ. ಆಮೇಲೆ ಭಾಗ ಮಾಡುವುದು, ಟರ್ನೋವರ್ ಮಿತಿ. ಆಮೇಲೆ ಎಲ್-1 ದರಕ್ಕೆ ಇಳಿಯುವ ಅವಕಾಶ. ಊರಿನ ಆಧಾರದ ಅಂಕ ಬೇಡ ಅಂತ ಬರೆಯುತ್ತೇನೆ. ಸಮಿತಿ ಒಪ್ಪುತ್ತದೋ ನೋಡಬೇಕು.

ಕೊನೆಯ ಒಂದು ಪ್ರಶ್ನೆ. ಆದ್ಯತೆಯಿಂದ ಬೆಳೆದ ಉದ್ದಿಮೆ 'ಸಣ್ಣ' ಮಿತಿ ದಾಟಿದ ದಿನವೇ ಎಲ್ಲ ನಿಲ್ಲಿಸಬೇಕಾ?

ಫ್ಯಾಬ್ರಿಕೇಷನ್_ಶೆಡ್

ಒಂದೇ ದಿನಕ್ಕೆ ನಿಲ್ಲಿಸಿದರೆ ಯಾರೂ ಆ ಗೆರೆ ದಾಟುವುದಿಲ್ಲ. ತಮ್ಮನ ಹೆಸರಿನಲ್ಲಿ ಇನ್ನೊಂದು ಕಂಪನಿ ತೆರೆಯುತ್ತಾರೆ, ಕೆಲಸ ಎರಡು ಕಡೆ ಹಂಚುತ್ತಾರೆ.

ಆಡಿಟ್_ಕಣ್ಣು

ಇದು ಕಣ್ಣಾರೆ ಕಂಡ ವಿಷಯ. ಭಾರತದಲ್ಲಿ 2022ರಿಂದ ಮೇಲಿನ ವರ್ಗಕ್ಕೆ ಏರಿದ ಉದ್ದಿಮೆಗೆ ತೆರಿಗೆಗೆ ಸೇರದ ಸವಲತ್ತುಗಳು ಇನ್ನೂ ಮೂರು ವರ್ಷ ಮುಂದುವರಿಯುತ್ತವೆ. 2025ರ ಏಪ್ರಿಲ್‌ನಿಂದ ಸಣ್ಣ ಉದ್ದಿಮೆಯ ಮಿತಿಯೂ ಏರಿದೆ, ಹೂಡಿಕೆ 25 ಕೋಟಿ, ವಹಿವಾಟು 100 ಕೋಟಿ ರೂಪಾಯಿ. ಅಮೆರಿಕದಲ್ಲಿ ಹಿಂದುಳಿದವರ ಸಣ್ಣ ಉದ್ದಿಮೆಗಳಿಗೆ ಇರುವ 8(ಎ) ಯೋಜನೆ ಇನ್ನೊಂದು ರೀತಿ, ಒಂಬತ್ತು ವರ್ಷ ಮುಗಿದರೆ ಹೊರಗೆ.

ನನ್ನ ಆಯ್ಕೆ ಮೂರು ವರ್ಷದ ಇಳಿಜಾರು. ಮೊದಲ ವರ್ಷ ಪೂರ್ತಿ ಆದ್ಯತೆ, ಆಮೇಲೆ ಅರ್ಧ, ಆಮೇಲೆ ಇಎಂಡಿ, ಅಂದರೆ ಬಿಡ್ ಜೊತೆ ಇಡುವ ಠೇವಣಿಯ ವಿನಾಯಿತಿ ಮಾತ್ರ. ಒಂದೇ ಮನೆಯವರ, ಒಂದೇ ವಿಳಾಸದ ಕಂಪನಿಗಳ ವಹಿವಾಟನ್ನು ಕೂಡಿಸಿ ನೋಡಬೇಕು ಅಂತಲೂ ಬರೆಯಿರಿ. ಬೇಕಿದ್ದರೆ ಈ ಭಾಗದ ಒಕ್ಕಣೆ ನಾನು ಬರೆದು ನಾಳೆ ಇಲ್ಲೇ ಹಾಕುತ್ತೇನೆ, ಎಲ್ಲರೂ ತಿದ್ದಿ.